ಗೊತ್ತಿರುವ ಮಾತಿನ ಅಪಾಯ: ಚೀನೀ–ಇಂಗ್ಲಿಷ್ ದುಭಾಷಿಗಳು ಮತ್ತು ಮರುಕಳಿಸುವ ನುಡಿಗಟ್ಟುಗಳು

ಷಿ ಜಿನ್‌ಪಿಂಗ್ ಮತ್ತು ಜೋ ಬೈಡನ್ 2021ರ ನವೆಂಬರ್‌ನಲ್ಲಿ ವಿಡಿಯೊ ಮೂಲಕ ಮಾತುಕತೆ ನಡೆಸಿದ ಬಳಿಕ ಚೀನಾದ ವಿದೇಶಾಂಗ ಸಚಿವಾಲಯ ಹೊರಡಿಸಿದ ಇಂಗ್ಲಿಷ್ ಹೇಳಿಕೆಯಲ್ಲಿ, ತೈವಾನ್ ವಿಚಾರದಲ್ಲಿ ಬೆಂಕಿಯೊಡನೆ ಸರಸವಾಡುವವರು ಮೈ ಸುಟ್ಟುಕೊಳ್ಳುತ್ತಾರೆ ಎಂಬ ಅರ್ಥದ ಮಾತಿತ್ತು. 2022ರ ಜುಲೈನಲ್ಲಿ ಅದೇ ಇಬ್ಬರು ದೂರವಾಣಿಯಲ್ಲಿ ಮಾತನಾಡಿದಾಗ ಹೊರಬಂದ ಇಂಗ್ಲಿಷ್ ಹೇಳಿಕೆಯಲ್ಲಿ, ಬೆಂಕಿಯೊಡನೆ ಆಡುವವರು ಅದರಿಂದಲೇ ನಾಶವಾಗುತ್ತಾರೆ ಎಂದಿತ್ತು. ಇಂಗ್ಲಿಷನ್ನಷ್ಟೇ ಓದಿದವರಿಗೆ ಎಂಟು ತಿಂಗಳಲ್ಲಿ ಬೀಜಿಂಗ್‌ನ ದನಿ ಒಂದು ಮೆಟ್ಟಿಲು ಮೇಲೇರಿದೆ ಎನಿಸಿದರೆ ಅಚ್ಚರಿಯಿಲ್ಲ. ಆದರೆ ಚೀನೀ ಪಠ್ಯದಲ್ಲಿ ಎರಡೂ ಸಲ ಇದ್ದದ್ದು ಒಂದೇ ಮಾತು: ‘ವಾನ್ ಹುವೊ ಝೆ ಬಿ ತ್ಸಿ ಫೆನ್’. ಆರು ಅಕ್ಷರಗಳ ಹಳೆಯ ನಾಣ್ನುಡಿ ಅದು. ಬೆಂಕಿಯೊಡನೆ ಆಡುವವನು ತನ್ನನ್ನೇ ಸುಟ್ಟುಕೊಳ್ಳುವುದು ಖಂಡಿತ ಎಂದು ಅದರ ತಾತ್ಪರ್ಯ.

ಇವು ಕಚೇರಿಯಲ್ಲಿ ಕುಳಿತು, ತಿದ್ದಿ, ಮೇಲಿನವರ ಒಪ್ಪಿಗೆ ಪಡೆದು ಪ್ರಕಟಿಸಿದ ಅನುವಾದಗಳು. ಅಷ್ಟು ಬಿಡುವಿದ್ದರೂ ಒಂದೇ ಮಾತಿಗೆ ಎರಡು ರೂಪ ಬಂದಿತೆಂದರೆ, ಗಾಜಿನ ಬೂತಿನೊಳಗೆ ಹೆಡ್‌ಫೋನ್ ಹಾಕಿಕೊಂಡು, ಮಾತನಾಡುವವರಿಗಿಂತ ಎರಡು ಮೂರು ಸೆಕೆಂಡುಗಳಷ್ಟೇ ಹಿಂದೆ ನಡೆಯುವ ಏಕಕಾಲಿಕ ದುಭಾಷಿಯ ಪಾಡೇನು? ದುಭಾಷಿಗಳನ್ನು ಎಡವಿಸುವುದು ಹೊಸ ಪದ, ಅಪರಿಚಿತ ತಾಂತ್ರಿಕ ಶಬ್ದ ಎಂಬ ನಂಬಿಕೆ ಹೊರಗಿನವರಲ್ಲಿ ಸಾಮಾನ್ಯ. ಚೀನೀ–ಇಂಗ್ಲಿಷ್ ಬೂತಿನ ಕೆಲಸವನ್ನು ಸ್ವಲ್ಪ ಒಳಹೊಕ್ಕು ನೋಡಿದರೆ ಇದಕ್ಕೆ ಹೆಚ್ಚುಕಡಿಮೆ ವಿರುದ್ಧವಾದ ಚಿತ್ರ ಸಿಗುತ್ತದೆ. ನೂರಾರು ಸಲ ಕೇಳಿ ಬಾಯಿಪಾಠವಾಗಿರುವ ನುಡಿಗಟ್ಟೇ ದುಭಾಷಿಗೆ ಉಸಿರಾಡಲು ಸಿಗುವ ಜಾಗ; ಯಾಮಾರುವ ಜಾಗವೂ ಅದೇ.

ಮೊದಲು ಬೂತಿನ ವ್ಯವಸ್ಥೆ. ವಿಶ್ವಸಂಸ್ಥೆಗೆ ಆರು ಅಧಿಕೃತ ಭಾಷೆಗಳಿವೆ: ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್, ಚೀನೀ, ಅರಬ್ಬಿ. ಮೊದಲ ನಾಲ್ಕು ಬೂತುಗಳಲ್ಲಿ ಕೂರುವವರು ಬೇರೆ ಭಾಷೆಗಳಿಂದ ತಮ್ಮ ಮುಖ್ಯ ಭಾಷೆಗಷ್ಟೇ ಅನುವಾದಿಸುತ್ತಾರೆ. ಚೀನೀ ಮತ್ತು ಅರಬ್ಬಿ ಬೂತುಗಳ ರೀತಿ ಬೇರೆ. ಅಲ್ಲಿನವರು ತಮ್ಮ ಭಾಷೆಗೂ ತರಬೇಕು, ತಮ್ಮ ಭಾಷೆಯಿಂದ ಇಂಗ್ಲಿಷ್ ಅಥವಾ ಫ್ರೆಂಚಿಗೂ ಒಯ್ಯಬೇಕು. ಆದ್ದರಿಂದಲೇ ಉಳಿದ ಬೂತುಗಳಲ್ಲಿ ಇಬ್ಬರಿದ್ದರೆ ಈ ಎರಡರಲ್ಲಿ ಮೂವರಿರುತ್ತಾರೆ, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಸರದಿ ಬದಲಾಯಿಸಿಕೊಳ್ಳುತ್ತಾರೆ. ಚೀನೀ ಪ್ರತಿನಿಧಿ ಮಾತನಾಡುವಾಗ ಫ್ರೆಂಚ್, ಸ್ಪ್ಯಾನಿಷ್, ರಷ್ಯನ್ ಬೂತುಗಳು ಸಾಮಾನ್ಯವಾಗಿ ನೇರವಾಗಿ ಚೀನೀಯನ್ನು ಕೇಳುವುದಿಲ್ಲ. ಚೀನೀ ಬೂತಿನಿಂದ ಹೊರಬರುವ ಇಂಗ್ಲಿಷನ್ನು ಕೇಳಿಸಿಕೊಂಡು ಅಲ್ಲಿಂದ ಮುಂದಕ್ಕೆ ಸಾಗಿಸುತ್ತವೆ. ಹೀಗಾಗಿ ಒಂದು ನುಡಿಗಟ್ಟಿಗೆ ಆ ಒಬ್ಬ ದುಭಾಷಿ ಕೊಟ್ಟ ಇಂಗ್ಲಿಷ್ ರೂಪವೇ ಸಭಾಂಗಣದ ಬಹುಪಾಲು ಕಿವಿಗಳಿಗೆ ಚೀನಾ ಆಡಿದ ಮಾತಾಗುತ್ತದೆ.

ವಿಶ್ವಸಂಸ್ಥೆ ಆರಂಭವಾದಾಗಲೇ ಚೀನೀ ಅಧಿಕೃತ ಭಾಷೆಯಾಗಿದ್ದರೂ ಮಹಾಸಭೆಯ ದೈನಂದಿನ ವ್ಯವಹಾರದ ಭಾಷೆಯಾದದ್ದು 1973ರಲ್ಲಿ, ಅಂದರೆ ಬೀಜಿಂಗ್ ಸರ್ಕಾರಕ್ಕೆ 1971ರಲ್ಲಿ ಪೀಠ ಸಿಕ್ಕ ನಂತರ. ಅದಕ್ಕೆ ಬೇಕಾದ ಜನರನ್ನು ತಯಾರಿಸಲು 1979ರಲ್ಲಿ ಬೀಜಿಂಗ್‌ನ ವಿದೇಶೀ ಭಾಷಾ ಸಂಸ್ಥೆಯಲ್ಲಿ ವಿಶ್ವಸಂಸ್ಥೆಯ ತರಬೇತಿ ವರ್ಗ ಆರಂಭವಾಯಿತು. ಚೀನೀ ದುಭಾಷಿಗಳ ತರಬೇತಿಯಲ್ಲಿ ಇಂದಿಗೂ ಮಂತ್ರದಂತೆ ಹೇಳಿಕೊಡುವ ಸೂತ್ರವೊಂದಿದೆ: ‘ಶುನ್ ಜ್ಯು ಚು ದೊಂಗ್’, ಅಂದರೆ ವಾಕ್ಯದ ಹರಿವನ್ನೇ ಹಿಡಿದು ಸಾಗು, ಕೊನೆಗಾಗಿ ಕಾಯಬೇಡ. ಕೇಳಿದ್ದನ್ನು ಸಣ್ಣ ತುಂಡುಗಳಾಗಿ ಮುರಿದು, ಬಂದ ಕ್ರಮದಲ್ಲೇ ಹೇಳಿ, ತುಂಡುಗಳ ನಡುವೆ ಇಂಗ್ಲಿಷ್ ಒಪ್ಪುವ ಬೆಸುಗೆ ಹಾಕುವುದು ಇದರ ವಿಧಾನ.

ಈ ಸೂತ್ರ ಮುರಿದು ಬೀಳುವುದು ಉದ್ದನೆಯ ವಿಶೇಷಣಗಳ ಎದುರಿನಲ್ಲಿ. ಚೀನೀಯಲ್ಲಿ ನಾಮಪದವನ್ನು ವಿವರಿಸುವ ಮಾತೆಲ್ಲ ಅದಕ್ಕಿಂತ ಮೊದಲೇ ಬಂದುಬಿಡುತ್ತದೆ; ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಅದರ ಹಿಂದೆ ಬರುತ್ತದೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ, ಏಕೆಂದರೆ ನಮ್ಮ ಭಾಷೆಯೂ ಈ ವಿಷಯದಲ್ಲಿ ಚೀನೀಯ ದಾರಿಯನ್ನೇ ಹಿಡಿದಿದೆ: ‘ನಿನ್ನೆ ಊರಿನಿಂದ ಬಂದ ಮುದುಕ’ ಎನ್ನುವಾಗ ಮುದುಕ ಬರುವುದು ಕೊನೆಗೆ. ಕ್ರಿಯಾಪದದ ಜಾಗದಲ್ಲಿ ಮಾತ್ರ ಚೀನೀ ಇಂಗ್ಲಿಷನ್ನು ಹೋಲುತ್ತದೆ. ಈಗ ಚೀನೀ ಕಮ್ಯುನಿಸ್ಟ್ ಪಕ್ಷದ ಅಧಿಕೃತ ಸಿದ್ಧಾಂತದ ಹೆಸರನ್ನು ತೆಗೆದುಕೊಳ್ಳಿ. ಹದಿನಾರು ಅಕ್ಷರಗಳ ಆ ಹೆಸರು ಮೂಲದಲ್ಲಿ ‘ಷಿ ಜಿನ್‌ಪಿಂಗ್–ಹೊಸ ಯುಗ–ಚೀನೀ ವೈಶಿಷ್ಟ್ಯ–ಸಮಾಜವಾದ–ಚಿಂತನೆ’ ಎಂಬ ಕ್ರಮದಲ್ಲಿದೆ. ಇಂಗ್ಲಿಷ್ ರೂಪದಲ್ಲಿ ‘ಚಿಂತನೆ’ ಷಿ ಅವರ ಹೆಸರಿನ ಬೆನ್ನಿಗೇ ಬಂದು, ಸಮಾಜವಾದ ಮತ್ತು ವೈಶಿಷ್ಟ್ಯಗಳನ್ನು ದಾಟಿ, ‘ಹೊಸ ಯುಗ’ ಕಟ್ಟಕಡೆಗೆ ಹೋಗುತ್ತದೆ. ಕೇಳಿದ ಕ್ರಮದಲ್ಲೇ ಸಾಗುವ ದುಭಾಷಿಗೆ ಈ ಹೆಸರು ಹೊಸದಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದರು. ಆದರೆ ಅದು ಹೊಸದಲ್ಲ. ಆದ್ದರಿಂದ ಮೊದಲ ಐದಾರು ಅಕ್ಷರ ಕಿವಿಗೆ ಬೀಳುತ್ತಿದ್ದಂತೆ ಇಡೀ ಇಂಗ್ಲಿಷ್ ಹೆಸರು ಬಾಯಿಂದ ಹೊರಡುತ್ತದೆ, ಮೂಲದ ಉಳಿದ ಅಕ್ಷರಗಳನ್ನು ಕಿವಿ ಅರ್ಧ ಗಮನದಲ್ಲಿ ಕೇಳಿ ಬಿಟ್ಟುಬಿಡುತ್ತದೆ.

ಫ್ರೆಂಚ್ ವಿದ್ವಾಂಸ ಡ್ಯಾನಿಯಲ್ ಜೀಲ್ ದುಭಾಷಿಯ ಕೆಲಸವನ್ನು ಏಕಕಾಲಕ್ಕೆ ನಡೆಯುವ ಕೆಲವು ಶ್ರಮಗಳಾಗಿ ವಿಂಗಡಿಸಿದ್ದಾರೆ: ಕೇಳಿ ಅರ್ಥೈಸುವುದು, ಕೇಳಿದ್ದನ್ನು ಸ್ವಲ್ಪ ಹೊತ್ತು ನೆನಪಿನಲ್ಲಿ ಹಿಡಿದಿಡುವುದು, ಇನ್ನೊಂದು ಭಾಷೆಯಲ್ಲಿ ಆಡುವುದು, ಈ ಮೂರನ್ನೂ ಹೊಂದಿಸುವುದು. ಇವೆಲ್ಲಕ್ಕೂ ಬೇಕಾದ ಮಾನಸಿಕ ಬಲ ಒಂದೇ ಸೀಮಿತ ಗಂಟಿನಿಂದ ಬರಬೇಕು, ಮತ್ತು ಅನುಭವಿ ದುಭಾಷಿಯೂ ಬಹಳಷ್ಟು ಹೊತ್ತು ಆ ಗಂಟಿನ ತಳದ ಹತ್ತಿರವೇ ಕೆಲಸ ಮಾಡುತ್ತಿರುತ್ತಾರೆ ಎಂಬುದು ಅವರ ವಾದ. ಸಿದ್ಧ ನುಡಿಗಟ್ಟಿನ ಬೆಲೆ ತಿಳಿಯುವುದು ಇಲ್ಲಿ. ‘ಚೀನೀ ವೈಶಿಷ್ಟ್ಯಗಳುಳ್ಳ ಸಮಾಜವಾದ’, ‘ಪರಸ್ಪರ ಲಾಭದ ಸಹಕಾರ’, ‘ಸುಧಾರಣೆ ಮತ್ತು ತೆರೆದುಕೊಳ್ಳುವಿಕೆ’ ಇತ್ಯಾದಿಗಳನ್ನು ಆಡಲು ಬಾಯಿಗೆ ಹೆಚ್ಚಿನ ಶ್ರಮ ಬೇಡ. ಉಳಿದ ಬಲವನ್ನು ಮುಂದಿನ ವಾಕ್ಯದಲ್ಲಿ ಬರುವ ಅಂಕಿಗೋ ಹೆಸರಿಗೋ ಮೀಸಲಿಡಬಹುದು.

ಅಂಕಿಗಳ ಮಾತು ಬಂದದ್ದರಿಂದ ಇದೊಂದನ್ನು ಹೇಳಿಯೇ ಮುಂದೆ ಹೋಗಬೇಕು. ಲಕ್ಷ–ಕೋಟಿಯಲ್ಲಿ ಎಣಿಸಿ ಮಿಲಿಯನ್–ಬಿಲಿಯನ್‌ನಲ್ಲಿ ಹೇಳಬೇಕಾದ ಪೇಚನ್ನು ನಾವು ಬಲ್ಲೆವು. ಚೀನೀಯರದು ನಾಲ್ಕು ಸೊನ್ನೆಗಳ ಲೆಕ್ಕ: ಹತ್ತು ಸಾವಿರಕ್ಕೆ ‘ವಾನ್’, ಹತ್ತು ಕೋಟಿಗೆ ‘ಯಿ’. ಬೂತಿನಲ್ಲಿ ಅಂಕಿ ಬಂದಾಗ ಪಕ್ಕದ ಸಹೋದ್ಯೋಗಿ ಅದನ್ನು ಕಾಗದದ ಮೇಲೆ ಬರೆದು ಮುಂದಿಡುವುದು ರೂಢಿ. ಆದರೆ ‘ಹದಿನಾಲ್ಕು ಯಿಗೂ ಮೀರಿದ ಚೀನೀ ಜನತೆ’ ಎಂದಾಗ ಯಾರೂ ಲೆಕ್ಕ ಹಾಕುವುದಿಲ್ಲ. ಅದು ಅಂಕಿಯಾಗಿ ಉಳಿದಿಲ್ಲ, ನುಡಿಗಟ್ಟಾಗಿದೆ, 1.4 ಬಿಲಿಯನ್ ಎಂಬುದು ತಾನಾಗಿಯೇ ಬರುತ್ತದೆ.

ಸಿದ್ಧ ರೂಪ ಬಳಸಬೇಕೆಂದಾಗ ಯಾರು ಸಿದ್ಧಪಡಿಸಿದ ರೂಪ ಎಂಬ ಪ್ರಶ್ನೆ ಏಳುತ್ತದೆ. ಚೀನಾ ಸರ್ಕಾರ ಈ ವಿಷಯದಲ್ಲಿ ಬಹಳ ಎಚ್ಚರದಿಂದಿದೆ. ‘ಯಿ ದೈ ಯಿ ಲು’, ಅಂದರೆ ‘ಒಂದು ಪಟ್ಟಿ ಒಂದು ದಾರಿ’ ಎಂಬ ನಾಲ್ಕಕ್ಷರದ ಹೆಸರಿನ, ಹಲವು ದೇಶಗಳಲ್ಲಿ ರಸ್ತೆ, ರೈಲು, ಬಂದರು ಕಟ್ಟುವ ಯೋಜನೆಯನ್ನು ಮೊದಮೊದಲು ಇಂಗ್ಲಿಷಿನಲ್ಲೂ ‘ಒನ್ ಬೆಲ್ಟ್ ಒನ್ ರೋಡ್’ ಎಂದೇ ಕರೆಯುತ್ತಿದ್ದರು. 2015ರಲ್ಲಿ ಅಲ್ಲಿನ ಅಭಿವೃದ್ಧಿ ಮತ್ತು ಸುಧಾರಣಾ ಆಯೋಗ ಹಾಗೂ ಸಂಬಂಧಿಸಿದ ಸಚಿವಾಲಯಗಳು ‘ಬೆಲ್ಟ್ ಆ್ಯಂಡ್ ರೋಡ್’ ಎನ್ನಬೇಕು, ಜೊತೆಗೆ ‘ಇನಿಶಿಯೇಟಿವ್’ ಪದವನ್ನು ಏಕವಚನದಲ್ಲಿ ಬಳಸಬೇಕು, ‘ಸ್ಟ್ರ್ಯಾಟಜಿ’, ‘ಪ್ರಾಜೆಕ್ಟ್’, ‘ಪ್ರೋಗ್ರಾಂ’, ‘ಅಜೆಂಡಾ’ ಎನ್ನಬಾರದು ಎಂದು ನಿಗದಿಪಡಿಸಿದವು. ಮೂಲದ ಚೀನೀ ಹೆಸರಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ‘ತಂತ್ರ’ ಎಂದರೆ ಯಾರದೋ ವಿರುದ್ಧ ಹೂಡಿದ್ದು ಎಂಬ ಧ್ವನಿ ಹೊರಡುತ್ತದೆ ಎಂಬ ಆತಂಕ ಈ ನಿಷೇಧದ ಹಿಂದೆ ಸ್ಪಷ್ಟವಾಗಿದೆ. ಹಾಗೆಯೇ ‘ರೆನ್ ಲೇಯ್ ಮಿಂಗ್ ಯುನ್ ಗೊಂಗ್ ತೊಂಗ್ ತಿ’, ಅಂದರೆ ಮನುಕುಲವೆಲ್ಲ ಒಂದೇ ವಿಧಿಯ ಸಮುದಾಯ ಎಂಬ ಏಳಕ್ಷರದ ಮಾತಿನಲ್ಲಿ ‘ಮಿಂಗ್ ಯುನ್’ ಎಂದರೆ ವಿಧಿ, ಹಣೆಬರಹ. ಮೊದಲ ಇಂಗ್ಲಿಷ್ ರೂಪಗಳಲ್ಲಿ ‘ಡೆಸ್ಟಿನಿ’ ಇತ್ತು, ಆಮೇಲೆ ಅದು ‘ಶೇರ್ಡ್ ಫ್ಯೂಚರ್’, ಅಂದರೆ ಹಂಚಿಕೊಂಡ ಭವಿಷ್ಯ ಆಯಿತು. ಮೂಲಕ್ಕೆ ಹತ್ತಿರವಾದದ್ದು ಹಳೆಯ ರೂಪವೇ. ಆದರೂ ಇಂದು ಬೂತಿನಲ್ಲಿ ಕುಳಿತವರು ‘ಡೆಸ್ಟಿನಿ’ ಎಂದರೆ ಅದು ತಪ್ಪೆಂದೇ ಎಣಿಕೆ.

ಇದನ್ನು ಸರ್ಕಾರದ ಮರ್ಜಿಗೆ ದುಭಾಷಿ ತಲೆಬಾಗುವುದು ಎಂದು ಟೀಕಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಆ ಟೀಕೆ ಅರ್ಧ ಮಾತ್ರ ಸರಿ. ವರದಿಗಾರರಿಗೂ ವಿದ್ವಾಂಸರಿಗೂ ಆ ಇಂಗ್ಲಿಷನ್ನು ಪ್ರಶ್ನಿಸುವ ಹಕ್ಕಿದೆ, ಪ್ರಶ್ನಿಸಲೂ ಬೇಕು. ಆದರೆ ಕೇಳುತ್ತಿರುವ ಪ್ರತಿನಿಧಿ ಈ ಮಾತು ಹಿಂದೆ ಹೇಳಿದ್ದೇ ಅಥವಾ ಹೊಸದೇ ಎಂದು ಗುರುತಿಸಬೇಕಾದರೆ ಅದು ಪ್ರತಿ ಸಲವೂ ಒಂದೇ ವೇಷದಲ್ಲಿ ಬರಬೇಕು. ದುಭಾಷಿ ತನಗೆ ಚೆನ್ನಾಗಿ ಕಂಡ ಪರ್ಯಾಯವನ್ನು ಕೊಟ್ಟರೆ, ಇಲ್ಲದ ನೀತಿ ಬದಲಾವಣೆಯೊಂದನ್ನು ಸೃಷ್ಟಿಸಿದಂತಾಗುತ್ತದೆ. ಬೆಂಕಿಯ ನಾಣ್ನುಡಿಯ ವಿಷಯದಲ್ಲಿ ಆದದ್ದು ಇದೇ.

ಎಲ್ಲ ಮರುಕಳಿಕೆಗೂ ಈ ಗೌರವ ಸಲ್ಲುವುದಿಲ್ಲ. ಚೀನೀ ಅಧಿಕೃತ ಭಾಷಣದಲ್ಲಿ ‘ಸಕ್ರಿಯವಾಗಿ’, ‘ಪ್ರಾಮಾಣಿಕವಾಗಿ’, ‘ದೃಢವಾಗಿ’ ಎಂಬ ಕ್ರಿಯಾವಿಶೇಷಣಗಳು ಹೆಜ್ಜೆಹೆಜ್ಜೆಗೆ ಬರುತ್ತವೆ. ಒಂದೇ ಅರ್ಥದ ಎರಡು ನಾಲ್ಕಕ್ಷರದ ಕಟ್ಟುಗಳು ಲಯಕ್ಕಾಗಿ ಜೋಡಿಯಾಗಿ ಬರುತ್ತವೆ. ‘ಬಲಪಡಿಸು’, ‘ಆಳಗೊಳಿಸು’, ‘ಮುನ್ನಡೆಸು’ ಎಂಬ ಕ್ರಿಯಾಪದಗಳು ಸಾಲಾಗಿ ನಿಲ್ಲುತ್ತವೆ. ಚೀನೀಯ ನಾಲ್ಕು ಅಕ್ಷರವೆಂದರೆ ನಾಲ್ಕೇ ಉಚ್ಚಾರಾಂಶ; ಅದರ ಪೂರ್ಣಾರ್ಥವನ್ನು ಇಂಗ್ಲಿಷಿನಲ್ಲಿ ಹೇಳಲು ಅದರ ಎರಡು ಮೂರು ಪಟ್ಟು ಹೊತ್ತು ಬೇಕಾಗಬಹುದು. ಎಲ್ಲವನ್ನೂ ಹೇಳಹೊರಟ ದುಭಾಷಿ ಮೂರನೆಯ ವಾಕ್ಯದ ಹೊತ್ತಿಗೆ ಹಿಂದೆ ಬಿದ್ದಿರುತ್ತಾರೆ. ಆದ್ದರಿಂದ ಜೋಡಿ ಕಟ್ಟುಗಳಲ್ಲಿ ಒಂದನ್ನು ಬಿಡುವುದು, ಅರ್ಥಕ್ಕೇನೂ ಸೇರಿಸದ ವಿಶೇಷಣವನ್ನು ನುಂಗಿಕೊಳ್ಳುವುದು ಕೆಲಸದ ಭಾಗವೇ. ಯಾವ ಮರುಕಳಿಕೆ ಬರೀ ಲಯ, ಯಾವುದು ನೀತಿ ಎಂದು ಬೇರ್ಪಡಿಸುವ ತೀರ್ಮಾನ ಮಾತ್ರ ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಆಗಬೇಕು, ಮತ್ತು ಅದು ಭಾಷಾಜ್ಞಾನದಿಂದಷ್ಟೇ ಬರುವಂಥದ್ದಲ್ಲ; ಹಿಂದಿನ ವರ್ಷಗಳ ಭಾಷಣಗಳನ್ನು ಓದಿದವರಿಗೆ ಮಾತ್ರ ಸಾಧ್ಯ.

ಸಿದ್ಧ ರೂಪವೇ ಇಲ್ಲದ ಮಾತು ಎದುರಾದರೆ? 2008ರ ಡಿಸೆಂಬರ್‌ನಲ್ಲಿ, ಸುಧಾರಣೆಗಳ ಮೂವತ್ತನೆಯ ವರ್ಷದ ಸಭೆಯಲ್ಲಿ ಚೀನಾದ ಆಗಿನ ಅಧ್ಯಕ್ಷ ಹು ಜಿಂಟಾವೊ ‘ಬು ಝೆತೆಂಗ್’ ಎಂಬ ಉತ್ತರ ಚೀನಾದ ಆಡುಮಾತನ್ನು ಬಳಸಿದರು. ಸುಮ್ಮನೆ ಇಲ್ಲದ ಉಸಾಬರಿ ಮಾಡಿಕೊಂಡು ತಾವೂ ಒದ್ದಾಡಿ ಊರನ್ನೂ ಒದ್ದಾಡಿಸುವುದು ಬೇಡ ಎಂಬಂಥ ಅರ್ಥ ಅದರದು. ಕೇಳಿದವರಿಗೆ ಮಾವೊ ಕಾಲದ ಚಳವಳಿಗಳ ನೆನಪೂ ಆಗುವಂತಿತ್ತು. ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ವಾರಗಟ್ಟಲೆ ಚರ್ಚೆ ನಡೆಯಿತು. ಅದೇ ತಿಂಗಳ ಕೊನೆಗೆ ಬೀಜಿಂಗ್‌ನ ಪತ್ರಿಕಾಗೋಷ್ಠಿಯೊಂದರಲ್ಲಿ ಆ ಮಾತು ಬಂದಾಗ ದುಭಾಷಿ ಅದನ್ನು ಅನುವಾದಿಸದೆ ಚೀನೀಯಲ್ಲೇ ಉಚ್ಚರಿಸಿ ಮುಂದೆ ಹೋದರು, ಸಭೆಯಲ್ಲಿ ನಗೆ ಎದ್ದಿತು. ಚೀನೀ ಬಲ್ಲವರು ತುಂಬಿದ ಕೋಣೆಯಲ್ಲಿ ಅದು ನಡೆಯಿತು. ನ್ಯೂಯಾರ್ಕಿನ ಸಭಾಂಗಣದಲ್ಲಿ ಹೀಗೆ ಮಾಡಿದರೆ, ಅದನ್ನೇ ನಂಬಿ ಕುಳಿತ ಉಳಿದ ಬೂತುಗಳು ಬಾಯಿ ಕಟ್ಟಿಕೊಳ್ಳಬೇಕಾಗುತ್ತದೆ.

ಪ್ರಾಚೀನ ಕಾವ್ಯದ ಉಲ್ಲೇಖಗಳ ಬಗ್ಗೆ ಹೊರಗೆ ಬಹಳ ಕುತೂಹಲವಿದೆ, ಬಹುಶಃ ಅಗತ್ಯಕ್ಕಿಂತ ಹೆಚ್ಚು. 2010ರ ಮಾರ್ಚ್‌ನಲ್ಲಿ ಪ್ರಧಾನಿ ವೆನ್ ಜಿಯಾಬಾವೊ ಪತ್ರಿಕಾಗೋಷ್ಠಿಯಲ್ಲಿ ಕವಿ ಚು ಯುವಾನನ ಸಾಲೊಂದನ್ನು ಹೇಳಿದಾಗ ದುಭಾಷಿ ಝಾಂಗ್ ಲು ಮೂಲದ ‘ಒಂಬತ್ತು ಸಾವು’ಗಳನ್ನು ಇಂಗ್ಲಿಷಿನಲ್ಲಿ ಸಾವಿರ ಸಲ ಸಾಯುವುದಾಗಿ ಮಾಡಿದ್ದು ಚೀನಾದಲ್ಲಿ ಮನೆಮಾತಾಯಿತು. ಚೀನೀಯಲ್ಲಿ ಒಂಬತ್ತು ಎಂದರೆ ಲೆಕ್ಕವಿಲ್ಲದಷ್ಟು ಎಂಬ ಧ್ವನಿಯಿರುವುದರಿಂದ ಆ ನಿರ್ಧಾರ ಸರಿಯಾಗಿಯೇ ಇತ್ತು. ಆದರೆ ಅದು ಮಾತು ಮುಗಿದ ಮೇಲೆ ಟಿಪ್ಪಣಿ ನೋಡಿಕೊಂಡು ಮಾಡುವ ಸರದಿ ಅನುವಾದ. ಏಕಕಾಲಿಕ ಬೂತಿನಲ್ಲಿ ಇಂಥ ಸಾಲು ಬಂದರೆ ಉಪಮೆಯನ್ನು ಬಿಟ್ಟು ತಿರುಳನ್ನು ಹೇಳಿ ಸಾಗುವುದೇ ವಾಡಿಕೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಭಾರತದ ಓದುಗರಿಗೆ ಪರಿಚಿತವಾದ ಉದಾಹರಣೆ ಬೇಕೆಂದರೆ, 2025ರಲ್ಲಿ ಭಾರತ–ಚೀನಾ ಸಂಬಂಧದ ಕುರಿತು ಷಿ ಮತ್ತೆ ಮತ್ತೆ ಬಳಸಿದ ‘ಲೊಂಗ್ ಷಿಯಾಂಗ್ ಗೊಂಗ್ ವು’ ಎಂಬ ಮಾತಿದೆ. ಡ್ರ್ಯಾಗನ್ ಮತ್ತು ಆನೆ ಕೂಡಿ ಕುಣಿಯುವುದು ಎಂದಷ್ಟೇ ಅದರ ಅರ್ಥ. ಸುದ್ದಿ ಸಂಸ್ಥೆಗಳ ಇಂಗ್ಲಿಷಿನಲ್ಲಿ ಅದು ಟ್ಯಾಂಗೊ ಆಯಿತು, ಚೀನಾದ ಅಧಿಕೃತ ಇಂಗ್ಲಿಷಿನಲ್ಲಿ ಬ್ಯಾಲೆಯ ಜೋಡಿ ನೃತ್ಯವಾಯಿತು. ಬೂತಿನಲ್ಲಿ ‘ಕೂಡಿ ಕುಣಿಯುವುದು’ ಎಂದರೆ ಸಾಕಾಗುತ್ತದೆ.

ಇಂಗ್ಲಿಷಿನಿಂದ ಚೀನೀಗೆ ಬರುವ ದಾರಿಯಲ್ಲಿ ಉದ್ದದ ತೊಂದರೆ ಕಡಿಮೆ. ವಿಶ್ವಸಂಸ್ಥೆಯ ನಿರ್ಣಯಗಳ ಕ್ರಿಯಾಪದಗಳಿಗೆ, ಅಂದರೆ ಗಮನಿಸುತ್ತದೆ, ಪುನರುಚ್ಚರಿಸುತ್ತದೆ, ಕರೆ ನೀಡುತ್ತದೆ, ಒತ್ತಾಯಿಸುತ್ತದೆ, ಖಂಡಿಸುತ್ತದೆ ಎಂಬವುಗಳಿಗೆ, ಒಂದಕ್ಕೊಂದು ಸರಿಹೊಂದುವ ಚೀನೀ ಪದಗಳು ದಶಕಗಳ ಹಿಂದೆಯೇ ನೆಲೆಗೊಂಡಿವೆ. ಒಂದರ ಜಾಗದಲ್ಲಿ ಇನ್ನೊಂದು ಬರುವಂತಿಲ್ಲ. ಇಲ್ಲಿನ ಕಷ್ಟ ಬೇರೆ ಬಗೆಯದು, ಅದು ಇತಿಹಾಸದ ಹೊರೆ. ಅಮೆರಿಕ ಮತ್ತು ಚೀನಾ 1972ರಲ್ಲಿ ಹೊರಡಿಸಿದ ಶಾಂಘೈ ಜಂಟಿ ಹೇಳಿಕೆಯಲ್ಲಿ ತೈವಾನ್ ಚೀನಾದ ಭಾಗವೆಂಬ ಚೀನೀ ನಿಲುವನ್ನು ಅಮೆರಿಕ ‘ಅಕ್ನಾಲೆಜ್’ ಮಾಡುತ್ತದೆ ಎಂದಿತ್ತು. ಚೀನೀ ಪಠ್ಯದಲ್ಲಿ ಅದಕ್ಕೆ ‘ರೆನ್ ಷಿ ದಾವ್’, ಅಂದರೆ ಅರಿತಿದೆ ಎಂಬ ಮಾತಿತ್ತು. ರಾಜತಾಂತ್ರಿಕ ಸಂಬಂಧ ಸ್ಥಾಪನೆಯ 1979ರ ಹೇಳಿಕೆಯಲ್ಲಿ ಇಂಗ್ಲಿಷ್ ಪದ ಹಾಗೆಯೇ ಉಳಿಯಿತು, ಚೀನೀ ಪದ ‘ಚೆಂಗ್ ರೆನ್’ ಆಯಿತು. ಅದನ್ನು ಮಾನ್ಯ ಮಾಡುವುದು ಎಂದೂ ಓದಬಹುದು. ಇಂದು ಅಮೆರಿಕದ ಪ್ರತಿನಿಧಿ ಆ ಇಂಗ್ಲಿಷ್ ಪದವನ್ನು ಉಚ್ಚರಿಸಿದಾಗ ಚೀನೀ ಬೂತಿನಲ್ಲಿರುವವರು ಯಾವುದನ್ನು ಆರಿಸಿದರೂ ಅರ್ಧ ಶತಮಾನದ ವಾದವೊಂದರಲ್ಲಿ ಕಾಲಿಟ್ಟಂತೆಯೇ.

ಇಷ್ಟೆಲ್ಲ ಹೇಳಿದ ಮೇಲೆ ಮೊದಲು ಪ್ರಸ್ತಾಪಿಸಿದ ಯಾಮಾರುವಿಕೆಗೆ ಬರಬಹುದು. ನುಡಿಗಟ್ಟು ಪೂರ್ತಿ ಬರುವ ಮೊದಲೇ ಬಾಯಿ ಅದನ್ನು ಮುಗಿಸುವ ಅಭ್ಯಾಸವೇ ದುಭಾಷಿಯನ್ನು ಉಳಿಸುತ್ತದೆ ಎಂದಾದರೆ, ಭಾಷಣಕಾರರು ಆ ನುಡಿಗಟ್ಟಿನ ಒಂದು ಪದವನ್ನು ಬೇಕೆಂದೇ ಬಿಟ್ಟ ದಿನ ಅದೇ ಅಭ್ಯಾಸ ಮುಳುವಾಗುತ್ತದೆ. 2020ರ ಮೇ 22ರಂದು ಪ್ರಧಾನಿ ಲಿ ಕೆಚಿಯಾಂಗ್ ಸಂಸತ್ತಿಗೆ ಸಲ್ಲಿಸಿದ ಕಾರ್ಯವರದಿಯಲ್ಲಿ ತೈವಾನ್ ಜೊತೆಗಿನ ‘ಶಾಂತಿಯುತ ಪುನರೇಕೀಕರಣ’ ಎಂಬ ಚಿರಪರಿಚಿತ ಮಾತಿನಿಂದ ‘ಶಾಂತಿಯುತ’ ಬಿಟ್ಟುಹೋಗಿತ್ತು. 2024ರ ಮಾರ್ಚ್‌ನಲ್ಲಿ ಅವರ ನಂತರ ಪ್ರಧಾನಿಯಾದ ಲಿ ಚಿಯಾಂಗ್ ಮಂಡಿಸಿದ ವರದಿಯಲ್ಲೂ ಆ ಪದ ಕಾಣಲಿಲ್ಲ. ಜಗತ್ತಿನ ಸುದ್ದಿ ಸಂಸ್ಥೆಗಳಿಗೆ ಸುದ್ದಿಯಾದದ್ದು ಆ ಗೈರುಹಾಜರಿಯೇ. ಸಾವಿರ ಸಲ ‘ಪೀಸ್‌ಫುಲ್’ ಸೇರಿಸಿಯೇ ಹೇಳಿ ಅಭ್ಯಾಸವಾದ ಬಾಯಿ, ಪಠ್ಯ ಮುಂದಿಲ್ಲದೆ ಕೇಳುತ್ತಿದ್ದರೆ, ಅದನ್ನು ತಾನಾಗಿಯೇ ಸೇರಿಸಿಬಿಡುವ ಸಂಭವ ಎಷ್ಟಿದೆ ಎಂಬುದನ್ನು ಊಹಿಸಿಕೊಳ್ಳಬಹುದು. ಆಗ ಕೇಳುಗರಿಗೆ ತಲುಪುವುದು ಹಿಂದಿನ ವರ್ಷದ ಚೀನಾ.

ತಿರುಗುಮುರುಗಾದ ಪ್ರಸಂಗವೂ ಇದೆ. ವಿಶ್ವಸಂಸ್ಥೆಯ 75ನೆಯ ವರ್ಷದ ಘೋಷಣೆಯ ಕರಡಿನಲ್ಲಿ ‘ಸಮಾನ ಭವಿಷ್ಯದ ಹಂಚಿಕೊಂಡ ಕನಸು’ ಎಂಬರ್ಥದ ನಿರುಪದ್ರವಿಯಾಗಿ ಕಾಣುವ ಪದಗಳಿದ್ದವು. 2020ರಲ್ಲಿ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್‌ಗಳ ಜೊತೆಗೆ ಭಾರತವೂ ಅದಕ್ಕೆ ಆಕ್ಷೇಪಿಸಿತು, ಪದಗಳು ಬದಲಾದವು. ಚೀನಾದ ಆ ಏಳಕ್ಷರದ ನುಡಿಗಟ್ಟಿನ ನೆರಳು ಅದರ ಮೇಲೆ ಬಿದ್ದಿದೆ ಎಂಬುದು ಆಕ್ಷೇಪದ ಕಾರಣ. ಅಂದರೆ ಒಂದು ದೇಶದ ನುಡಿಗಟ್ಟಿನ ಇಂಗ್ಲಿಷ್ ರೂಪ ಎಷ್ಟು ಗಟ್ಟಿಯಾಗಿ ನೆಲೆಯೂರಿತೆಂದರೆ, ಅದಕ್ಕೆ ಹತ್ತಿರದ ಸಾಮಾನ್ಯ ಇಂಗ್ಲಿಷ್ ಪದಗಳನ್ನು ಬೇರೆಯವರು ಆಡುವುದೂ ಕಷ್ಟವಾಯಿತು. ಆ ನಂತರ ಬೇರಾವುದೋ ಪ್ರತಿನಿಧಿ ‘ನಮ್ಮೆಲ್ಲರ ಭವಿಷ್ಯ’ ಎಂದು ಇಂಗ್ಲಿಷಿನಲ್ಲಿ ಸಹಜವಾಗಿ ಹೇಳಿದಾಗ, ಚೀನೀ ಬೂತಿನಲ್ಲಿರುವವರು ರೂಢಿಯ ಬಲದಿಂದ ಬೀಜಿಂಗ್‌ನ ಏಳಕ್ಷರವನ್ನೇ ಅವರ ಬಾಯಲ್ಲಿ ಇಡದಂತೆ ತಮ್ಮನ್ನು ತಡೆದುಕೊಳ್ಳಬೇಕು.

ಯಂತ್ರ ಈ ಕೆಲಸ ಮಾಡಲಾರದೇ ಎಂಬ ಪ್ರಶ್ನೆ ಈಗ ಎಲ್ಲೆಡೆಯೂ ಇದೆ. 2018ರ ಏಪ್ರಿಲ್‌ನಲ್ಲಿ ಬೊಆವೊ ಏಷ್ಯಾ ವೇದಿಕೆಯಲ್ಲಿ ಟೆನ್ಸೆಂಟ್ ಕಂಪನಿಯ ಏಕಕಾಲಿಕ ಅನುವಾದ ತಂತ್ರಾಂಶ ಪರದೆಯ ಮೇಲೆ ಅರ್ಥವಿಲ್ಲದ ಸಾಲುಗಳನ್ನು ಮೂಡಿಸಿ ನಗೆಪಾಟಲಾಯಿತು. ಅಲ್ಲಿಂದೀಚೆಗೆ ತಂತ್ರಜ್ಞಾನ ಬಹಳ ಮುಂದೆ ಬಂದಿದೆ, ಸಿದ್ಧ ಪದಕೋಶ ಕೊಟ್ಟರೆ ‘ಬೆಲ್ಟ್ ಆ್ಯಂಡ್ ರೋಡ್’ ಎಂಬುದನ್ನು ಅದು ದಣಿವಿಲ್ಲದೆ ಒಂದೇ ರೂಪದಲ್ಲಿ ಹೇಳಬಲ್ಲದು. ಆದರೆ ಇಂದಿನ ಭಾಷಾ ಮಾದರಿಗಳು ಕೆಲಸ ಮಾಡುವುದೇ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕದ ಮೇಲೆ. ಸದ್ದುಗದ್ದಲದ ಸಭೆಯಲ್ಲಿ ದನಿ ಅಸ್ಪಷ್ಟವಾದಾಗ, ‘ಪುನರೇಕೀಕರಣ’ಕ್ಕೆ ಮೊದಲು ‘ಶಾಂತಿಯುತ’ವನ್ನು ತುಂಬಿಕೊಡುವ ಸೆಳೆತ ದಣಿದ ಮನುಷ್ಯನಿಗಿರುವಂತೆ ಅವಕ್ಕೂ ಇದೆ.

ಮನುಷ್ಯರು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು, ಬೇಸರದ್ದೂ ಹೌದು. ಭಾಷಣದ ಪ್ರತಿ ಮುಂಚಿತವಾಗಿ ಕೈಗೆ ಬಂದರೆ ಅದನ್ನು ಹಿಂದಿನ ವರ್ಷದ ಪ್ರತಿಯ ಪಕ್ಕದಲ್ಲಿಟ್ಟು ನುಡಿಗಟ್ಟು ನುಡಿಗಟ್ಟಾಗಿ ಹೋಲಿಸುವುದು, ಬಿಟ್ಟುಹೋದ ಮತ್ತು ಸೇರಿದ ಪದಗಳಿಗೆ ಗುರುತು ಹಾಕಿಕೊಳ್ಳುವುದು. ವಿಶ್ವಸಂಸ್ಥೆಯಲ್ಲಿ ಹಂಚುವ ಭಾಷಣ ಪ್ರತಿಗಳ ತಲೆಯ ಮೇಲೆ, ನಿಜವಾಗಿ ಆಡಿದ ಮಾತಿನೊಂದಿಗೆ ತಾಳೆ ನೋಡಿಕೊಳ್ಳಿ ಎಂಬ ಸೂಚನೆ ಅಚ್ಚಾಗಿರುವುದುಂಟು. ಪ್ರತಿಯಲ್ಲಿರುವ ನುಡಿಗಟ್ಟನ್ನು ಪ್ರತಿನಿಧಿ ವೇದಿಕೆಯ ಮೇಲೆ ಹಾರಿಸಿದರೆ ದುಭಾಷಿಯೂ ಅದನ್ನು ಹಾರಿಸಬೇಕು. ಕಾಗದದಲ್ಲಿ ಏನೇ ಇರಲಿ, ಹೆಡ್‌ಫೋನಿನಲ್ಲಿ ಕೇಳಿದ್ದಷ್ಟೇ ಆ ಹೊತ್ತಿನ ಪಠ್ಯ. ಹಾರಿಸಿದ್ದು ಉದ್ದೇಶಪೂರ್ವಕವೋ ಸಮಯ ಮುಗಿಯುತ್ತಿದೆ ಎಂಬ ಧಾವಂತವೋ ಎಂಬುದನ್ನು ತೀರ್ಮಾನಿಸುವ ಕೆಲಸ ಕೆಳಗೆ ಕುಳಿತಿರುವ ಪ್ರತಿನಿಧಿಗಳದ್ದು, ಬೂತಿನದ್ದಲ್ಲ.